ಹಾಸ್ಟೆಲ್‌ಗೆ ಸಾವಿನ ಸುದ್ದಿ ಬಂದಾಗ: ಕಾಲೇಜು ಫೆಲೋಶಿಪ್‌ಗಳಿಗೆ ಒಂದು ಮಾರ್ಗದರ್ಶಿ

ಕಾಲೇಜಿನಲ್ಲಿ ಫೆಲೋಶಿಪ್, ಅಂದರೆ ಕ್ರೈಸ್ತ ವಿದ್ಯಾರ್ಥಿಗಳ ಪ್ರಾರ್ಥನೆಯ ಗುಂಪು, ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮದು ಇ.ಯು. (ಇವ್ಯಾಂಜೆಲಿಕಲ್ ಯೂನಿಯನ್) ಇರಬಹುದು, ಎಸ್‌ಸಿಎಂ (ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್) ಇರಬಹುದು, ಐಕಫ್ (ಕಥೋಲಿಕ ವಿದ್ಯಾರ್ಥಿಗಳ ಒಕ್ಕೂಟ) ಇರಬಹುದು. ಅಥವಾ ಯಾವ ಹೆಸರೂ ಇಲ್ಲದೆ ಹಾಸ್ಟೆಲ್ ಟೆರೇಸಿನಲ್ಲಿ ನಾಲ್ಕು ಜನ ಸೇರಿ ಮಾಡುವ ಪ್ರಾರ್ಥನೆ ಇರಬಹುದು. ನಮ್ಮ ದೇಶದಲ್ಲಿ ಈ ಸೇವೆಗೆ ನೂರು ವರ್ಷ ದಾಟಿದೆ. ಎಸ್‌ಸಿಎಂ ಶುರುವಾಗಿದ್ದು 1912ರಲ್ಲಿ, ಐಕಫ್ 1924ರಲ್ಲಿ, ಇ.ಯು.ಗಳ ಒಕ್ಕೂಟವಾದ ಯುಇಎಸ್‌ಐ 1954ರಲ್ಲಿ. ಬೈಬಲ್ ಸ್ಟಡಿ ಹೇಗೆ ನಡೆಸಬೇಕು, ಕ್ಯಾಂಪ್ ಹೇಗೆ ಮಾಡಬೇಕು, ಫಸ್ಟ್ ಇಯರ್ ಮಕ್ಕಳನ್ನು ಹೇಗೆ ಮಾತಾಡಿಸಬೇಕು, ಇದಕ್ಕೆಲ್ಲ ಹೇಳಿಕೊಡುವ ಅಣ್ಣಂದಿರು ಅಕ್ಕಂದಿರು ಇದ್ದಾರೆ. ಆದರೆ ಬೈಕ್ ಅಪಘಾತದಲ್ಲಿ ಹುಡುಗನೊಬ್ಬ ತೀರಿಕೊಂಡ ರಾತ್ರಿ ಅವನ ರೂಮ್‌ಮೇಟ್ ಪಕ್ಕ ಹೇಗೆ ಕೂರಬೇಕು ಅಂತ ಹೇಳಿಕೊಡುವವರು ಕಡಿಮೆ.

ವಿದ್ಯಾರ್ಥಿಗಳ ನಡುವೆ ವರ್ಷಗಟ್ಟಲೆ ಓಡಾಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಸಾವು ಬಂದಾಗ ನಾವು ಹೋಗಬೇಕು, ಕೂರಬೇಕು, ಬೇರೆಯವರೆಲ್ಲ ತಮ್ಮ ತಮ್ಮ ಕೆಲಸಕ್ಕೆ ಮರಳಿದ ಮೇಲೂ ಅಲ್ಲೇ ಇರಬೇಕು. ದೇವರು ಯಾಕೆ ಹೀಗೆ ಮಾಡಿದರು ಅನ್ನುವ ಪ್ರಶ್ನೆಗೆ ಉತ್ತರ ಕೊಡುವ ಹೊಣೆಯನ್ನು ನಮಗೆ ಯಾರೂ ಕೊಟ್ಟಿಲ್ಲ. ಮುಂದೆ ಹೇಳುವ ಎಲ್ಲವೂ ಈ ಮಾತಿನಿಂದಲೇ ಬರುತ್ತದೆ.

ಮೊದಲ ಗಂಟೆ

ಸುದ್ದಿ ಬರುವುದು ಹೆಚ್ಚಾಗಿ ವಾಟ್ಸಾಪ್‌ನಲ್ಲಿ. ಅದನ್ನು ಫಾರ್ವರ್ಡ್ ಮಾಡಬೇಡಿ. ಮೊದಲು ಆಸ್ಪತ್ರೆಯಲ್ಲಿ ಇರುವವರಿಗೋ ವಾರ್ಡನ್‌ಗೋ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. "ಪ್ರಾರ್ಥನೆ ಮಾಡಿ ಪ್ಲೀಸ್" ಅಂತ ಹೆಸರು, ಫೋಟೋ ಸಮೇತ ಹತ್ತು ಗ್ರೂಪಿಗೆ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಮನಸ್ಸು ಒಳ್ಳೆಯದೇ. ಆದರೆ ಆ ಹುಡುಗನ ತಂಗಿಯೂ ಯಾವುದೋ ಒಂದು ಗ್ರೂಪಿನಲ್ಲಿ ಇರುತ್ತಾಳೆ. ಅಣ್ಣ ಸತ್ತ ವಿಷಯ ಅವಳಿಗೆ ಫಾರ್ವರ್ಡ್‌ನಿಂದ ಗೊತ್ತಾಗಬಾರದು. ಮನೆಯವರಿಗೆ ತಿಳಿದಿದೆ ಅನ್ನುವುದು ಖಾತ್ರಿಯಾಗುವವರೆಗೆ ಗ್ರೂಪಿನಲ್ಲಿ ಒಂದು ಅಕ್ಷರವೂ ಬೇಡ.

ಮನೆಯವರಿಗೆ ಹೇಳುವುದು ಕಾಲೇಜಿನ ಅಥವಾ ಪೊಲೀಸರ ಕೆಲಸ. ನೀವು ಮಾಡಬಹುದಾದ ದೊಡ್ಡ ಸಹಾಯ ಬೇರೆ ಇದೆ. ಅವರ ಊರಿನ ಸಭಾಪಾಲಕರನ್ನೋ ಫಾದರನ್ನೋ ಹುಡುಕಿ ಫೋನ್ ಮಾಡಿ, ಆ ಮನೆಗೆ ಈಗಲೇ ಯಾರಾದರೂ ಹೋಗಿ ಅಂತ ಕೇಳಿ. ಫೋನ್ ಬಂದ ಹೊತ್ತಿಗೆ ತಾಯಿಯ ಪಕ್ಕ ಗೊತ್ತಿದ್ದವರು ಒಬ್ಬರು ಇದ್ದರೆ ಅದೇ ದೊಡ್ಡದು.

ಇಲ್ಲಿ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್‌ಗೆ, ತೀರಾ ಹತ್ತಿರದ ಗೆಳೆಯರಿಗೆ ಎದುರಿಗೇ ಹೇಳಿ. ಕೂರಿಸಿ ಹೇಳಿ. "ಸ್ವಲ್ಪ ಸೀರಿಯಸ್ ಇದೆ, ಬಾ" ಅಂತ ಕರೆದುಕೊಂಡು ಹೋಗಿ ದಾರಿಯಲ್ಲಿ ಅರ್ಧ, ಆಸ್ಪತ್ರೆಯಲ್ಲಿ ಅರ್ಧ ಹೇಳುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಬೇಡಿ. "ಕೆಟ್ಟ ಸುದ್ದಿ ಇದೆ. ಸಂಜೆ ಆಕ್ಸಿಡೆಂಟ್ ಆಯ್ತು. ಅವನು ತೀರಿಕೊಂಡ." ಇಷ್ಟು ಹೇಳಿ ಸುಮ್ಮನಾಗಿ. ಅಳಬಹುದು, ನಗಬಹುದು, ಏನೂ ಆಗದವರ ಹಾಗೆ ಬಟ್ಟೆ ಮಡಚುತ್ತಾ ಕೂರಬಹುದು. ಎಲ್ಲವೂ ಸಹಜ.

ಆ ರಾತ್ರಿ

ಸಾಯಬೇಕು ಅನ್ನಿಸಿ ಜಾಲಿ ಮರದ ಕೆಳಗೆ ಮಲಗಿದ ಎಲೀಯನಿಗೆ ದೇವದೂತ ಮೊದಲು ಕೊಟ್ಟಿದ್ದು ಬಿಸಿ ರೊಟ್ಟಿ ಮತ್ತು ನೀರು. ಮತ್ತೆ ಮಲಗಲು ಬಿಟ್ಟ. ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರು ಮಾತಾಡಿದ್ದು ಅದಾದ ಎಷ್ಟೋ ದಿನಕ್ಕೆ. ಅರಸುಗಳ ಮೊದಲ ಪುಸ್ತಕದ 19ನೇ ಅಧ್ಯಾಯ ಓದಿ ನೋಡಿ. ಮೊದಲ ರಾತ್ರಿಯ ಕಾರ್ಯಕ್ರಮ ಅಲ್ಲೇ ಇದೆ.

ಮೆಸ್‌ನವರಿಗೆ ಹೇಳಿ ಅನ್ನ ಸಾರು ಎತ್ತಿಡಿಸಿ. ಎಂಟು ಗಂಟೆಗೆ ಬೇಡ ಅಂದವರಿಗೆ ರಾತ್ರಿ ಒಂದು ಗಂಟೆಗೆ ಹಸಿವಾಗುತ್ತದೆ. ಫ್ಲಾಸ್ಕ್‌ನಲ್ಲಿ ಟೀ ಇರಲಿ. ಯಾರೂ ಒಂಟಿಯಾಗಿ ರೂಮಿಗೆ ಹೋಗಿ ಮಲಗದ ಹಾಗೆ ನೋಡಿಕೊಳ್ಳಿ. ಹಾಸಿಗೆಗಳನ್ನು ಎಳೆದು ಒಂದೇ ರೂಮಿನಲ್ಲೋ ಕಾರಿಡಾರ್‌ನಲ್ಲೋ ಹಾಕಿ. ಪಿಜಿಗಳಲ್ಲಿ ಇರುವವರನ್ನು ಮರೆಯಬೇಡಿ. ಹಾಸ್ಟೆಲ್‌ನಲ್ಲಾದರೆ ವಾರ್ಡನ್ ಇರುತ್ತಾರೆ, ಪಿಜಿಯಲ್ಲಿ ಕೇಳುವವರೇ ಇರುವುದಿಲ್ಲ.

ಪ್ರಾರ್ಥನೆ ಬೇಡವೇ? ಬೇಕು. ಚಿಕ್ಕದಾಗಿ ಇರಲಿ. "ಕರ್ತನೇ, ನಮಗೆ ಏನೂ ಗೊತ್ತಾಗುತ್ತಿಲ್ಲ. ನಮ್ಮ ಜೊತೆ ಇರು" ಅನ್ನುವಷ್ಟು ಸಾಕು. 23ನೇ ಕೀರ್ತನೆ ಎಲ್ಲರಿಗೂ ಬಾಯಿಗೆ ಬರುತ್ತದೆ, ಒಟ್ಟಿಗೆ ಹೇಳಬಹುದು. ಆ ರಾತ್ರಿ ಪ್ರಸಂಗ ಮಾತ್ರ ಬೇಡ. ಯೋಬನ ಗೆಳೆಯರನ್ನು ನಾವು ಬೈಯುವುದೇ ಜಾಸ್ತಿ. ಆದರೆ ಅವರು ಮೊದಲ ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಕೆಟ್ಟಿದ್ದು ಬಾಯಿ ತೆರೆದು ಕಾರಣ ಹುಡುಕಲು ಶುರು ಮಾಡಿದ ಮೇಲೆ.

ಆಸ್ಪತ್ರೆ, ಪೊಲೀಸ್, ಊರಿಗೆ ಕಳಿಸುವುದು

ಇಲ್ಲಿ ಫೆಲೋಶಿಪ್‌ನ ದೊಡ್ಡ ಹುಡುಗರಿಗೆ, ಅಣ್ಣಂದಿರಿಗೆ ನಿಜವಾದ ಕೆಲಸ ಇದೆ. ಅಪಘಾತ, ನೀರಿಗೆ ಬಿದ್ದಿದ್ದು, ಆತ್ಮಹತ್ಯೆ ಅಥವಾ ಅನುಮಾನ ಬರುವ ಯಾವುದೇ ಸಾವಾದರೂ ಪೊಲೀಸರು ಬರುತ್ತಾರೆ, ಪಂಚನಾಮೆ ಮಾಡುತ್ತಾರೆ, ಮರಣೋತ್ತರ ಪರೀಕ್ಷೆ ಆಗುತ್ತದೆ. ಎಷ್ಟೋ ಬಾರಿ ತಂದೆ ತಾಯಿ ಬರುವವರೆಗೆ ಕಾಯಬೇಕಾಗುತ್ತದೆ. ದೇಹವನ್ನು ಸಾಮಾನ್ಯವಾಗಿ ಹತ್ತಿರದ ಸಂಬಂಧಿಕರಿಗೇ ಒಪ್ಪಿಸುತ್ತಾರೆ, ಗೆಳೆಯರ ಸಹಿ ನಡೆಯುವುದಿಲ್ಲ. ಇದು ತಡ ಆಗುತ್ತದೆ ಅನ್ನುವುದನ್ನು ಮನೆಯವರಿಗೆ ಮೊದಲೇ ಮೆತ್ತಗೆ ಹೇಳಿ. ಬೆಳಗಾವಿಯಿಂದಲೋ ಕಲಬುರಗಿಯಿಂದಲೋ ರಾತ್ರಿಯಿಡೀ ಬಸ್ಸಿನಲ್ಲಿ ಬಂದವರಿಗೆ ಶವಾಗಾರದ ಬಾಗಿಲಲ್ಲಿ "ಇನ್ನೂ ಆಗಿಲ್ಲ" ಅನ್ನುವ ಮಾತು ಸಹಿಸಲಿಕ್ಕೆ ಆಗುವುದಿಲ್ಲ.

ಇಬ್ಬರನ್ನು ನೇಮಿಸಿ. ಒಬ್ಬರು ಕಾಗದದ ಕೆಲಸಕ್ಕೆ, ಇನ್ನೊಬ್ಬರು ತಂದೆ ತಾಯಿಯ ಪಕ್ಕಕ್ಕೆ. ಪಕ್ಕ ಇರುವವರು ಬೇರೆ ಯಾವ ಕೆಲಸಕ್ಕೂ ಅಲ್ಲಿಂದ ಏಳಬಾರದು. ಮನೆಯವರ ಭಾಷೆ ಬರುವವರನ್ನೇ ಇಡಿ. ಮಂಗಳೂರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದವರು, ಈಶಾನ್ಯದವರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಡಾಕ್ಟರ್ ಹೇಳಿದ್ದು, ಪೊಲೀಸ್ ಕೇಳಿದ್ದು ಅವರಿಗೆ ತಮ್ಮ ಭಾಷೆಯಲ್ಲಿ ಅರ್ಥವಾಗಬೇಕು. ಅಲ್ಲಿ ತಂದೆಯನ್ನು "ಅಂಕಲ್" ಅಂತ ಕರೆಯುವ ಬದಲು ಅಪ್ಪಾಜಿ, ಅಪ್ಪಚ್ಚನ್ ಅಥವಾ ಅವರ ಕಡೆ ಹೇಗೋ ಹಾಗೆ ಕರೆದರೆ ಎಷ್ಟೋ ಹತ್ತಿರ ಆಗುತ್ತದೆ.

ವಿಮಾನದಲ್ಲಿ ಕಳಿಸುವುದಾದರೆ ಕಾರ್ಗೋದವರು ಮರಣದ ದಾಖಲೆ, ಎಂಬಾಮಿಂಗ್ ಸರ್ಟಿಫಿಕೇಟ್, ಪೊಲೀಸರ ನಿರಾಕ್ಷೇಪಣಾ ಪತ್ರ, ಜೊತೆಗೆ ಹೋಗುವವರ ಗುರುತಿನ ಚೀಟಿ ಕೇಳುತ್ತಾರೆ. ಪ್ರತಿಯೊಂದಕ್ಕೂ ಮೂರು ನಾಲ್ಕು ಜೆರಾಕ್ಸ್ ಮಾಡಿಸಿ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಆಧಾರ್‌ನಲ್ಲಿ ಇರುವ ಹೆಸರಿನ ಅಕ್ಷರವೇ ಎಲ್ಲ ಕಾಗದದಲ್ಲೂ ಇದೆಯಾ ಅಂತ ಅಲ್ಲೇ ನಿಂತು ನೋಡಿ. ಆಮೇಲೆ ತಿದ್ದಿಸಲು ಮನೆಯವರು ಅಲೆಯಬೇಕಾಗುತ್ತದೆ. ದುಡ್ಡು ಕೂಡಿಸಿದರೆ ಒಂದೇ ಖಾತೆಗೆ ಹಾಕಿಸಿ. ಲೆಕ್ಕ ಇಬ್ಬರ ಕೈಯಲ್ಲಿರಲಿ. ಉಳಿದಿದ್ದನ್ನು ಬರೆದ ಲೆಕ್ಕದ ಜೊತೆ ಮನೆಯವರಿಗೆ ಕೊಡಿ.

ಸಾಧ್ಯವಾದರೆ ಊರಿಗೆ ಜೊತೆಗೆ ಹೋಗಿ. ಮಣ್ಣಿಗೆ ಹೋದ ಗೆಳೆಯರ ಮುಖವನ್ನು ತಾಯಂದಿರು ಮರೆಯುವುದಿಲ್ಲ. ಮಿಜೊರಾಮಿನಲ್ಲಿ ಸಾವಿನ ಮನೆಗೆ ಯುವಕರು ಹೋಗಿ ರಾತ್ರಿ ಕೂತು ಹಾಡುತ್ತಾರೆ. ಸಮಾಧಿ ತೋಡುವುದರಿಂದ ಹಿಡಿದು ಎಲ್ಲಕ್ಕೂ 1935ರಲ್ಲಿ ಹುಟ್ಟಿದ ಯಂಗ್ ಮಿಜೊ ಅಸೋಸಿಯೇಷನ್‌ನವರೇ ಹೆಗಲು ಕೊಡುತ್ತಾರೆ. ಬೆಂಗಳೂರಿನಲ್ಲಿ ಓದುವ ಮಿಜೊ ಮಕ್ಕಳಿಗೆ ಇದು ಚಿಕ್ಕಂದಿನಿಂದ ಗೊತ್ತು. ನಿಮ್ಮ ಫೆಲೋಶಿಪ್‌ನಲ್ಲಿ ಅವರು ಯಾರಾದರೂ ಇದ್ದರೆ ಇಂಥ ಹೊತ್ತಲ್ಲಿ ಅವರನ್ನು ಮುಂದೆ ಬಿಡಿ. ನಾವು ಅವರಿಂದ ಕಲಿಯುವುದು ಬಹಳ ಇದೆ.

ರೂಮಿನ ಸಾಮಾನು

ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ.

ಮಣ್ಣಾದ ಒಂದೆರಡು ವಾರಕ್ಕೆ ತಂದೆ ತಾಯಿ ಸಾಮಾನು ತೆಗೆದುಕೊಂಡು ಹೋಗಲು ಬರುತ್ತಾರೆ. ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ. ರೂಮ್ ಚೊಕ್ಕಟವಾಗಿರಲಿ ಅಂತ ಯಾರೋ ಬೆಡ್‌ಶೀಟ್ ಒಗೆದು, ಶರ್ಟುಗಳನ್ನು ಇಸ್ತ್ರಿ ಮಾಡಿಸಿ ಇಟ್ಟುಬಿಡುತ್ತಾರೆ. ತಾಯಿ ಬಂದವರೇ ಮಗಳ ದುಪಟ್ಟಾ ಎತ್ತಿ ಮುಖಕ್ಕೆ ಒತ್ತಿಕೊಳ್ಳುತ್ತಾರೆ. ಅದರಲ್ಲಿ ಸರ್ಫ್ ವಾಸನೆ ಬಿಟ್ಟು ಬೇರೇನೂ ಇರುವುದಿಲ್ಲ. ಒಗೆಯದ ಬಟ್ಟೆಯನ್ನು ಹಾಗೇ ಕವರಿನಲ್ಲಿ ಇಟ್ಟು, ಕೇಳಿ ಕೊಡಿ.

ಹಾಸಿಗೆ ಕೆಳಗಿನ ಟ್ರಂಕ್, ಅರ್ಧ ಬರೆದ ಪ್ರಾಕ್ಟಿಕಲ್ ರೆಕಾರ್ಡ್, ಕಿಟಕಿಯಲ್ಲಿ ಸಿಕ್ಕಿಸಿದ ತಾಳೆಗರಿ ಶಿಲುಬೆ, ಡಬ್ಬಿಯ ತಳದಲ್ಲಿ ಉಳಿದ ಮನೆಯ ಚಟ್ನಿಪುಡಿ. ಯಾವುದು ಮುಖ್ಯ, ಯಾವುದು ಕಸ ಅಂತ ನಾವು ತೀರ್ಮಾನಿಸಬಾರದು. ಎಲ್ಲವನ್ನೂ ಅವರೆದುರಿಗೇ ಇಡಬೇಕು. ರೂಮ್‌ಮೇಟ್ ಅಲ್ಲಿ ಇರಲಿ, ಅವನಿಗೆ ಇಷ್ಟವಿದ್ದರೆ. "ಇದು ಸೆಮಿನಾರ್‌ಗೆ ಹಾಕಿದ್ದ ಶರ್ಟ್ ಆಂಟಿ" ಅಂತ ಅವನು ಹೇಳುವ ಒಂದೊಂದು ಮಾತೂ ಅವರಿಗೆ ಬೇಕು. ಮಗ ಮನೆಯಿಂದ ದೂರ ಬದುಕಿದ ದಿನಗಳು ಅವರಿಗೆ ಗೊತ್ತಿರುವುದಿಲ್ಲವಲ್ಲ. ಫೋನು, ಲ್ಯಾಪ್‌ಟಾಪ್ ಪೊಲೀಸರ ಹತ್ತಿರ ಇಲ್ಲದಿದ್ದರೆ ನೇರ ತಂದೆಯ ಕೈಗೆ. ಗೆಳೆಯರು ಅದನ್ನು ತೆರೆಯಬಾರದು.

ಆಮೇಲೆ ಆ ಖಾಲಿ ಮಂಚ. ಹೊಸಬರನ್ನು ತಕ್ಷಣ ಹಾಕದ ಹಾಗೆ ವಾರ್ಡನ್ ಹತ್ತಿರ ಕೇಳಿಕೊಳ್ಳಿ. ರೂಮ್‌ಮೇಟ್ ಬೇರೆ ರೂಮಿಗೆ ಹೋಗಬೇಕು ಅಂದರೆ ಹೋಗಲಿ, ಅಲ್ಲೇ ಇರುತ್ತೇನೆ ಅಂದರೆ ಇರಲಿ.

ಸ್ಮರಣೆಯ ಕೂಟ

ಕಾಲೇಜಿನ ಅನುಮತಿ ಇಲ್ಲದೆ ಕ್ಯಾಂಪಸ್ಸಿನಲ್ಲಿ ಏನೂ ಮಾಡಬೇಡಿ. ಕಾಲೇಜೇ ಶ್ರದ್ಧಾಂಜಲಿ ಸಭೆ ಮಾಡುತ್ತಿದ್ದರೆ ಅದರಲ್ಲಿ ಸೇರಿಕೊಳ್ಳಿ. ಫೆಲೋಶಿಪ್‌ನ ಕೂಟ ಬೇರೆ ಇರಲಿ, ಚಿಕ್ಕದಾಗಿರಲಿ. ಮನೆಯವರ ಸಭೆಯ, ಅಂದರೆ ಅವರ ಚರ್ಚಿನ, ಪದ್ಧತಿ ಕೇಳಿ ತಿಳಿದುಕೊಳ್ಳಿ. ಕಥೋಲಿಕರು ಸತ್ತವರಿಗಾಗಿ ಬಲಿಪೂಜೆ ಕೊಡಿಸುತ್ತಾರೆ. ಕೇರಳದ ಸಿರಿಯನ್ ಕ್ರೈಸ್ತರಿಗೆ 40ನೇ ಅಥವಾ 41ನೇ ದಿನ ಮುಖ್ಯ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮನೆಗಳಲ್ಲಿ ಸ್ಮರಣೆಯ ಆರಾಧನೆ ಇಡುತ್ತಾರೆ. ನಮ್ಮ ಫೆಲೋಶಿಪ್‌ನಲ್ಲಿ ಎಲ್ಲ ಸಭೆಯವರೂ ಇರುತ್ತಾರೆ. ಸತ್ತವರಿಗಾಗಿ ಪ್ರಾರ್ಥಿಸಬೇಕೋ ಬಾರದೋ ಅನ್ನುವ ವಾದಕ್ಕೆ ಅದು ಜಾಗವಲ್ಲ.

ನಾನು ಇಟ್ಟುಕೊಳ್ಳುವ ಕ್ರಮ ಹೀಗೆ. ಒಂದು ಗಂಟೆಗಿಂತ ಜಾಸ್ತಿ ಬೇಡ. ಮೊದಲು ಒಂದು ಹಾಡು, ಗಿಟಾರ್ ಜೋರಿಲ್ಲದೆ. ಆಮೇಲೆ ಒಂದು ಕೀರ್ತನೆ. 13 ಆಗಬಹುದು, 130 ಆಗಬಹುದು. ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ಕೇಳುವ ಧೈರ್ಯ 13ರಲ್ಲಿದೆ. ಎದೆ ಗಟ್ಟಿ ಇದ್ದರೆ 88 ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಆದರೂ ಅದು ಪ್ರಾರ್ಥನೆಯೇ. ಅದನ್ನು ಕೇಳಿದ ಮೇಲೆ ಎಷ್ಟೋ ಮಕ್ಕಳು ಬಂದು "ಇಂಥದ್ದೂ ಬೈಬಲ್‌ನಲ್ಲಿ ಇದೆಯಾ ಅಕ್ಕಾ?" ಅಂತ ಕೇಳುತ್ತಾರೆ. ಅವರ ಮುಖದಲ್ಲಿ ಏನೋ ಹಗುರ ಆದದ್ದು ಕಾಣುತ್ತದೆ.

ನಂತರ ನೆನಪುಗಳಿಗೆ ಹೊತ್ತು ಬಿಡಿ. ಯೊಪ್ಪದಲ್ಲಿ ದೊರ್ಕ ಸತ್ತಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದುಕೊಟ್ಟ ಅಂಗಿಗಳನ್ನು. ಹಾಗೇ ಇಲ್ಲೂ. ಅವನು ಎಲ್ಲರ ರೆಕಾರ್ಡ್‌ಗೆ ಚಿತ್ರ ಬರೆದುಕೊಡುತ್ತಿದ್ದ, ಮೆಸ್ ಬಿಲ್ ಕಟ್ಟಲಾಗದ ಜೂನಿಯರ್‌ಗೆ ಸುಮ್ನೆ ಕಟ್ಟಿಬಿಟ್ಟಿದ್ದ. ಇಂಥ ಮಾತು ಬರಲಿ. ನಗು ಬಂದರೂ ಬರಲಿ. ಯಾರಾದರೂ ಇದನ್ನೆಲ್ಲ ಬರೆದುಕೊಂಡು ಮನೆಯವರಿಗೆ ಕಳಿಸಬೇಕು.

ಹಿಂದೂ, ಮುಸ್ಲಿಂ ಗೆಳೆಯರು ಬಂದಿರುತ್ತಾರೆ. ಅವರೂ ಮಾತಾಡಲಿ. ಮತ್ತು ಇದನ್ನು ನಾನು ಒತ್ತಿ ಹೇಳುತ್ತೇನೆ: ಆ ಕೂಟದಲ್ಲಿ "ನೀವು ಇವತ್ತು ಸತ್ತರೆ ಎಲ್ಲಿಗೆ ಹೋಗುತ್ತೀರಿ" ಅಂತ ಕೇಳಿ ಕೈ ಎತ್ತಿಸಬೇಡಿ. ಗೆಳೆಯನನ್ನು ಕಳೆದುಕೊಂಡು ಅಳಲು ಬಂದವರ ಅಳುವನ್ನು ಬಳಸಿಕೊಳ್ಳುವುದು ಸುವಾರ್ತೆಗೆ ಮರ್ಯಾದೆ ಅಲ್ಲ. ಪುನರುತ್ಥಾನದ ನಿರೀಕ್ಷೆ ನಮಗಿದೆ. ಅದನ್ನು ಮೆಲ್ಲಗೆ, ನಾಚಿಕೆ ಇಲ್ಲದೆ ಹೇಳಿ. ಅದರ ಮೇಲೆ ಯಾರಿಂದಲೂ ಏನನ್ನೂ ಕೇಳಬೇಡಿ. ಪ್ರಶ್ನೆ ಇರುವವರು ತಾವಾಗಿಯೇ ಆಮೇಲೆ ಬರುತ್ತಾರೆ.

ಹೇಳಬಾರದ ಮಾತುಗಳು

"ದೇವರಿಗೆ ಒಳ್ಳೆಯ ಹೂವು ಬೇಕಾಗಿತ್ತು, ಕಿತ್ತುಕೊಂಡರು." "ಇದರಲ್ಲೂ ದೇವರ ಉದ್ದೇಶ ಇದೆ." "ಅಳಬೇಡ, ವಿಶ್ವಾಸಿಗಳು ಅಳಬಾರದು." ಈ ಮೂರನ್ನೂ ಸಾವಿನ ಮನೆಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಕೊನೆಯದಕ್ಕೆ ಕೆಲವರು ಪೌಲ ಥೆಸಲೊನೀಕದವರಿಗೆ ಬರೆದ ಮಾತನ್ನು ಆಧಾರ ಕೊಡುತ್ತಾರೆ. ಪೌಲ ಹೇಳಿದ್ದು ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅಂತ. ದುಃಖಿಸಲೇಬೇಡಿ ಅಂತ ಅಲ್ಲ. ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಸಮಾಧಿ ಹತ್ತಿರ ಕಣ್ಣೀರು ಬಿಟ್ಟನು. ಸ್ತೆಫನನನ್ನು ಹೂಣಿಟ್ಟ ಭಕ್ತರು ಅವನಿಗಾಗಿ ಬಹಳ ಗೋಳಾಡಿದರು.

ಇನ್ನೊಂದು ಕೆಟ್ಟ ಮಾತು ಪಿಸುಮಾತಿನಲ್ಲಿ ಬರುತ್ತದೆ. "ಅವನು ಈಚೆಗೆ ಪ್ರಾರ್ಥನೆಗೆ ಬರುತ್ತಿರಲಿಲ್ಲ." ಸಿಲೋವದ ಬುರುಜು ಬಿದ್ದು ಹದಿನೆಂಟು ಜನ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೋ ಅಂತ ಕೇಳಿ, ಇಲ್ಲ ಅಂತ ಯೇಸುವೇ ಹೇಳಿದ್ದಾನೆ. ಲೂಕ 13 ತೆಗೆದು ತೋರಿಸಿ, ಅಲ್ಲಿಗೇ ನಿಲ್ಲಿಸಿ.

ಹಾಗಾದರೆ ಏನು ಹೇಳಬೇಕು? "ನನಗೂ ಗೊತ್ತಿಲ್ಲ. ನಾನು ಇಲ್ಲೇ ಇರ್ತೀನಿ." ಅಥವಾ ಸತ್ತವರ ಹೆಸರು ಹಿಡಿದು ಒಂದು ನೆನಪು. ಹೆಸರು ಎತ್ತಿದರೆ ನೋವಾಗುತ್ತದೆ ಅಂತ ಎಲ್ಲರೂ ಹೆಸರೇ ಹೇಳದೆ ಓಡಾಡುತ್ತಾರೆ. ಮನೆಯವರಿಗೆ ಅದೇ ಹೆಚ್ಚು ನೋವು.

ಆತ್ಮಹತ್ಯೆ ಆಗಿದ್ದರೆ

ಹೇಗೆ ಸತ್ತ, ಚೀಟಿಯಲ್ಲಿ ಏನಿತ್ತು, ಇದನ್ನು ಯಾರೂ ಚರ್ಚಿಸಬಾರದು, ಕೂಟದಲ್ಲೂ ಹೇಳಬಾರದು. "ಕಷ್ಟದಿಂದ ಬಿಡುಗಡೆ ಸಿಕ್ಕಿತು" ಅನ್ನಬಾರದು. ಅದೇ ಕಷ್ಟದಲ್ಲಿ ಇರುವ ಇನ್ನೊಬ್ಬ ಹುಡುಗಿ ಅದನ್ನು ಕೇಳುತ್ತಾ ಕೂತಿರುತ್ತಾಳೆ. "ನರಕಕ್ಕೆ ಹೋದ" ಅನ್ನುವವರನ್ನು ಅಲ್ಲೇ ತಡೆಯಿರಿ. ಕಥೋಲಿಕ ಸಭೆಯಲ್ಲಿ 1917ರ ಕಾನೂನು ಸಂಹಿತೆ ಬೇಕೆಂದೇ ಜೀವ ತೆಗೆದುಕೊಂಡವರಿಗೆ ಸಭೆಯ ಸಮಾಧಿ ಕೊಡಬಾರದು ಅಂದಿತ್ತು. 1983ರ ಸಂಹಿತೆಯಲ್ಲಿ ಆ ಮಾತು ಇಲ್ಲ. ಮನಸ್ಸಿನ ತೀವ್ರ ನೋವು ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡಬಹುದು, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಅಂತ ಆ ಸಭೆಯ ಈಗಿನ ಧರ್ಮೋಪದೇಶದ ಪುಸ್ತಕ (ಕ್ಯಾಟೆಕಿಸಂ) ಹೇಳುತ್ತದೆ. ಸಭೆ ಎಲ್ಲಿಂದ ಎಲ್ಲಿಗೆ ಬಂದಿದೆ ಅಂತ ಮನೆಯವರಿಗೂ ತಿಳಿಯಲಿ. ಊರಿನಲ್ಲಿ ಅವರು ಏನೇನು ಮಾತು ಕೇಳಿರುತ್ತಾರೋ.

ಮುಂದಿನ ಕೆಲವು ವಾರ ಕಣ್ಣಿಡಿ. ಹತ್ತಿರದ ಗೆಳೆಯರು, ಮೊದಲೇ ಕುಗ್ಗಿದ್ದವರು, ಕೊನೆಯ ಫೋನ್ ಎತ್ತದೆ ಹೋದವರು. ಅನುಮಾನ ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಗುಟ್ಟಾಗಿಡುತ್ತೇನೆ ಅಂತ ಮಾತು ಕೊಡಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಜೀವಕ್ಕೆ ತಕ್ಷಣದ ಅಪಾಯ ಇದ್ದರೆ 112. ಮಾನಸಿಕ ಆರೋಗ್ಯದ ಆಸ್ಪತ್ರೆ ಬೇಕಾದರೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಜೊತೆಗೆ ಹೋಗಿ, ಒಪಿಡಿ ಚೀಟಿ ನೀವೇ ಮಾಡಿಸಿ. ಕೇಸ್ ಆಗುತ್ತದೆ ಅಂತ ಹೆದರಿ ಪ್ರಯತ್ನವನ್ನೇ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು. ಅವರ ಆರೈಕೆ ಸರಕಾರದ ಕರ್ತವ್ಯ.

ಪ್ರಾರ್ಥನೆಯಿಂದಲೇ ವಾಸಿಯಾಗುತ್ತದೆ, ಮಾತ್ರೆ ಬಿಡು ಅಂತ ಯಾರಿಗೂ ಹೇಳಬೇಡಿ. ಪ್ರಾರ್ಥನೆ ಮಾಡಿ. ಮಾತ್ರೆಯೂ ತೆಗೆದುಕೊಳ್ಳಲಿ.

ಊರಿಗೆ ಊರೇ ದುಃಖದಲ್ಲಿದ್ದಾಗ

ಕೆಲವು ಸಾವು ಕಾಲೇಜಿನ ಹೊರಗೆ ಆಗುತ್ತದೆ, ದುಃಖ ಮಾತ್ರ ಹಾಸ್ಟೆಲ್ ಒಳಗೆ ಬರುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಭೂಕುಸಿತದಲ್ಲಿ ಕೊಚ್ಚಿಹೋದಾಗ 200ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಂದ ಬಂದು ನಮ್ಮ ಕಾಲೇಜುಗಳಲ್ಲಿ ಓದುವವರಿದ್ದಾರೆ. ಇಂಥ ಹೊತ್ತಲ್ಲಿ ಫೋನ್ ಹತ್ತದ ಗಂಟೆಗಳೇ ಎಲ್ಲಕ್ಕಿಂತ ಕಷ್ಟ. ಯಾರ ಊರು ಎಲ್ಲಿ ಅನ್ನುವ ಪಟ್ಟಿ ಫೆಲೋಶಿಪ್ ಹತ್ತಿರ ಮೊದಲೇ ಇದ್ದರೆ, ಸುದ್ದಿ ಬಂದ ಕೂಡಲೇ ಯಾರ ಬಾಗಿಲು ಬಡಿಯಬೇಕು ಅಂತ ಗೊತ್ತಾಗುತ್ತದೆ. ಊರಿಗೆ ಹೋಗಲು ಟಿಕೆಟ್ ದುಡ್ಡು, ಹೆಚ್‌ಒಡಿ ಹತ್ತಿರ ರಜೆಯ ಮಾತು, ಇಂಟರ್ನಲ್ಸ್ ಮುಂದೂಡಲು ಅರ್ಜಿ. ಇದೇ ಸೇವೆ.

ವಯನಾಡಿನಲ್ಲಿ ಗುರುತು ಸಿಗದ ದೇಹಗಳನ್ನು ಪುತ್ತುಮಲದಲ್ಲಿ ಸರ್ವಧರ್ಮ ಪ್ರಾರ್ಥನೆ ಮಾಡಿ, ನಂಬರ್ ಹಾಕಿ ಹೂಣಿಟ್ಟರು. ದೇಹವೇ ಸಿಗದವರೂ ಇದ್ದರು. ಹಾಗಾದವರ ಮನೆಯ ಮಗುವಿನ ಎದುರು "ಸ್ವರ್ಗದಲ್ಲಿ ನೋಡ್ತೀವಿ" ಅನ್ನಲು ಅವಸರ ಬೇಡ. ಇನ್ನೂ ಸಿಗಬಹುದು ಅಂತ ಆ ಮಗು ಕಾಯುತ್ತಿರಬಹುದು. ಸತ್ತಿದ್ದಾರೆ ಅಂತ ಒಪ್ಪಿಕೊಳ್ಳುವ ದಿನವನ್ನು ಮನೆಯವರೇ ಆರಿಸಲಿ. ಸ್ಮರಣೆಯ ಕೂಟ ಆಮೇಲೆ.

ಮಣಿಪುರದ್ದು ಬೇರೆ ಥರ. 2023ರ ಮೇ 3ರಂದು ಮೈತೇಯಿ ಮತ್ತು ಕುಕಿ-ಜೊ ಸಮುದಾಯಗಳ ನಡುವೆ ಹಿಂಸೆ ಶುರುವಾಯಿತು. 200ಕ್ಕೂ ಹೆಚ್ಚು ಜನ ಸತ್ತರು, ಸುಮಾರು 60,000 ಜನ ಮನೆ ಬಿಟ್ಟರು. ತಿಂಗಳುಗಟ್ಟಲೆ ಅಲ್ಲಿ ಇಂಟರ್ನೆಟ್ ಇರಲಿಲ್ಲ. ಬೆಂಗಳೂರಿನಲ್ಲಿ ಓದುವ ಕುಕಿ-ಜೊ ಮಕ್ಕಳ ಚರ್ಚುಗಳು ಅಲ್ಲಿ ಸುಟ್ಟುಹೋಗಿದ್ದವು. ಮೈತೇಯಿ ಕ್ರೈಸ್ತರ ಚರ್ಚುಗಳೂ ಸುಟ್ಟಿದ್ದವು. ಒಂದೇ ನಗರದಲ್ಲಿ, ಒಂದೇ ಕ್ಲಾಸಿನಲ್ಲಿ ಎರಡೂ ಕಡೆಯ ಮಕ್ಕಳಿದ್ದರು. ಇಂಥ ಹೊತ್ತಲ್ಲಿ ಫೆಲೋಶಿಪ್ ಏನು ಮಾಡಬಹುದು?

ಮೊದಲನೆಯದು, ಅವಸರದಲ್ಲಿ ಎಲ್ಲರನ್ನೂ ಕೂಡಿಸಿ "ಐಕ್ಯತೆಯ ಪ್ರಾರ್ಥನೆ" ಇಡಬೇಡಿ. ಮೊದಲು ಒಬ್ಬೊಬ್ಬರನ್ನೂ ಅವರವರ ಜಾಗಕ್ಕೆ ಹೋಗಿ ನೋಡಿ. ಅವರವರ ಭಾಷೆಯಲ್ಲಿ, ಅವರವರ ಜನರ ಜೊತೆ ಅಳಲು ಬಿಡಿ. ನೀವು ಹೋಗಿ ಹಿಂದೆ ಕೂತರೆ ಸಾಕು, ಭಾಷೆ ಬರದಿದ್ದರೂ. ಮನೆ ಸುಟ್ಟವನ ಹತ್ತಿರ ಮಾರನೇ ದಿನವೇ ಕ್ಷಮೆಯ ಪಾಠ ಹೇಳಬೇಡಿ. ಕ್ಷಮೆ ಯೇಸುವಿನ ಆಜ್ಞೆಯೇ ಹೌದು. ಆದರೆ ಅದರ ಬೆಲೆ ಕಟ್ಟುವವನು ಅವನು, ನಾವಲ್ಲ. ತಪ್ಪು ಯಾರದು ಅಂತ ನಿಮ್ಮ ತೀರ್ಪು ಹೇಳಲು ಹೋಗಬೇಡಿ. ಆಗಿದ್ದು ಅನ್ಯಾಯ ಅಂತ ಹೇಳಲು ಹಿಂಜರಿಯಲೂ ಬೇಡಿ. ವೇದಿಕೆ ಹತ್ತಿಸಿ ಸಾಕ್ಷಿ ಹೇಳಿಸಬೇಡಿ, ಫೋಟೋ ತೆಗೆಯಬೇಡಿ.

ಹೊಟ್ಟೆಪಾಡಿನ ಮಾತೂ ಇದೆ. ತಂದೆ ತಾಯಿ ಪರಿಹಾರ ಶಿಬಿರದಲ್ಲಿ ಇದ್ದಾರೆ ಅಂದರೆ ಆ ಮಗುವಿನ ಸೆಮಿಸ್ಟರ್ ಫೀಸ್, ಪಿಜಿ ಬಾಡಿಗೆ ಬರುವುದು ಎಲ್ಲಿಂದ? ಇದನ್ನು ಅವರಾಗಿ ಕೇಳುವುದಿಲ್ಲ. ನೀವೇ ಕೇಳಿ, ಗುಟ್ಟಾಗಿ ಕೇಳಿ. ಹತ್ತಿರದ ಸಭೆಗಳ ಹಿರಿಯರ ಹತ್ತಿರ ಹೋಗಿ ಫೀಸ್‌ಗೆ ದಾರಿ ಮಾಡಿ.

ಎರಡೂ ಕಡೆಯವರು ಒಟ್ಟಿಗೆ ಕೂರುವ ದಿನ ಬಂದರೆ ಅದು ಅವರೇ ಕೇಳಿ ಬಂದ ದಿನವಾಗಿರಲಿ. ಅವತ್ತು ಪ್ರಲಾಪಗಳ ಪುಸ್ತಕ ಓದಿ. ಸುಟ್ಟ ಪಟ್ಟಣದ ನಡುವೆ ಕೂತು ಬರೆದ ಹಾಡುಗಳು ಅವು. ಅದಕ್ಕೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಇನ್ನು ಕೆಲವು ದುಃಖ ಇಡೀ ನಗರದ್ದು. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಸತ್ತರು, ಹೆಚ್ಚಿನವರು ಚಿಕ್ಕ ವಯಸ್ಸಿನವರು. ಆ ಗುಂಪಿನಲ್ಲಿ ಇದ್ದು ಬದುಕಿ ಬಂದವರು ನಮ್ಮ ಕಾಲೇಜುಗಳಲ್ಲೂ ಇರಬಹುದು. "ಮ್ಯಾಚ್ ಹುಚ್ಚು" ಅಂತ ಬೈಯುವ ಬದಲು, ಆ ದಿನ ಏನಾಯಿತು ಅಂತ ಅವರು ಹೇಳುವುದನ್ನು ಕೇಳಿ.

ಎರಡನೇ ವಾರದಿಂದ ಮುಂದೆ

ಮಣ್ಣಾದ ದಿನ ಹಾಸ್ಟೆಲ್ ತುಂಬಾ ಜನ. ಹತ್ತು ದಿನಕ್ಕೆ ಯಾರೂ ಇಲ್ಲ. ಅಟೆಂಡೆನ್ಸ್ ಕಡಿಮೆ ಆಗಿದೆ ಅಂತ ನೋಟಿಸ್ ಬರುತ್ತದೆ. ಲ್ಯಾಬ್‌ನಲ್ಲಿ ಪಾರ್ಟ್‌ನರ್ ಇಲ್ಲ. ಫೆಲೋಶಿಪ್‌ನ ನಿಜವಾದ ಸೇವೆ ಶುರುವಾಗುವುದು ಆಗ. ವಾರಕ್ಕೊಮ್ಮೆ ಆ ರೂಮ್‌ಮೇಟ್ ಜೊತೆ ಊಟಕ್ಕೆ ಹೋಗಿ. ಇಬ್ಬರು ಸರದಿ ಹಾಕಿಕೊಳ್ಳಿ, ಒಬ್ಬರಿಗೇ ಭಾರ ಆಗದ ಹಾಗೆ. ನೋಟ್ಸ್ ಕಾಪಿ ಮಾಡಿ ಕೊಡಿ. ಪರೀಕ್ಷೆ ಹತ್ತಿರ ಬಂದಾಗ ಜೊತೆ ಕೂತು ಓದಿ.

ಶುಕ್ರವಾರದ ಫೆಲೋಶಿಪ್ ನಿಲ್ಲಿಸಬೇಡಿ, ಆದರೆ ಮಾಮೂಲಿನಂತೆ ನಡೆಸಲೂ ಬೇಡಿ. ಸ್ತುತಿಯ ಹಾಡು ಕಡಿಮೆ ಮಾಡಿ. ಹಾಡಲು ಆಗದವರು ಸುಮ್ನೆ ಕೂರಬಹುದು ಅಂತ ಮೊದಲೇ ಹೇಳಿ. ಬೈಬಲ್ ಸ್ಟಡಿಗೆ ಎಮ್ಮಾಹು ದಾರಿಯ ಕಥೆ (ಲೂಕ 24) ಚೆನ್ನಾಗಿ ಹೊಂದುತ್ತದೆ. ಯೇಸುವನ್ನು ಶಿಲುಬೆಗೆ ಹಾಕಿದ ಮೇಲೆ ಇಬ್ಬರು ಶಿಷ್ಯರು ಆ ಊರಿಗೆ ನಡೆದು ಹೋಗುತ್ತಿರುತ್ತಾರೆ, ಎದ್ದುಬಂದ ಯೇಸು ಜೊತೆಗೂಡಿದರೂ ಗುರುತು ಹಿಡಿಯುವುದಿಲ್ಲ. ಆ ಇಬ್ಬರು ಶಿಷ್ಯರು "ನಾವು ನಂಬಿದ್ದೆವು" ಅಂತ ಮುರಿದ ಮನಸ್ಸಿನಿಂದ ಹೇಳುವುದನ್ನು ಯೇಸು ಮೊದಲು ಕೇಳಿಸಿಕೊಳ್ಳುತ್ತಾನೆ. ಎಲ್ಲವನ್ನೂ ಅವರ ಬಾಯಿಂದಲೇ ಹೇಳಿಸಿದ ಮೇಲೆಯೇ ತಾನು ಮಾತಾಡುತ್ತಾನೆ.

ಒಬ್ಬರೋ ಇಬ್ಬರೋ ಬರುವುದನ್ನು ನಿಲ್ಲಿಸುತ್ತಾರೆ. "ನನಗೆ ಇದರಲ್ಲಿ ಏನೂ ಉಳಿದಿಲ್ಲ" ಅನ್ನುತ್ತಾರೆ. ಅವರ ಹತ್ತಿರ ವಾದಕ್ಕೆ ಹೋಗಬೇಡಿ, ದೂರವೂ ಮಾಡಬೇಡಿ. ಟೀ ಕುಡಿಯಲು ಕರೆಯಿರಿ, ಫೆಲೋಶಿಪ್‌ಗೆ ಕರೆಯದೆ. ಸಿಟ್ಟು ಬಂದು ದೇವರ ಮೇಲೆ ಕೂಗುವವನು ದೇವರ ಜೊತೆ ಇನ್ನೂ ಮಾತಾಡುತ್ತಿದ್ದಾನೆ ಅಂತ ನಾನು ನಂಬುತ್ತೇನೆ.

ಸೇವೆ ಮಾಡುವ ನೀವೂ ದುಃಖದಲ್ಲಿ ಇರುತ್ತೀರಿ. ಸತ್ತವನು ನಿಮ್ಮ ತಮ್ಮನಂತೆ ಇದ್ದ ಹುಡುಗ, ಅಲ್ವಾ? ಕೂಟ ನಡೆಸಿ, ಊರಿಗೆ ಹೋಗಿ, ಎಲ್ಲರನ್ನೂ ಸಂಭಾಳಿಸಿ ಬಂದ ಮೇಲೆ ನಿಮ್ಮ ಮಾತು ಕೇಳುವ ಒಬ್ಬ ಹಿರಿಯರನ್ನು ಗೊತ್ತು ಮಾಡಿಕೊಳ್ಳಿ. ಫಾದರ್ ಆಗಬಹುದು, ಪಾಸ್ಟರಮ್ಮ ಆಗಬಹುದು, ಕೌನ್ಸೆಲರ್ ಆಗಬಹುದು. ನಿದ್ದೆ ಬಾರದೆ, ಕ್ಲಾಸಿಗೆ ಹೋಗಲಾಗದೆ ವಾರಗಳು ಕಳೆದರೆ ಡಾಕ್ಟರ ಹತ್ತಿರ ಹೋಗಿ. ಲೀಡರ್ ಅಂತ ಸಹಿಸಿಕೊಂಡು ಕೂರಬೇಕಿಲ್ಲ.

ಬ್ಯಾಚ್ ಪಾಸಾಗಿ ಹೋಗುವ ಮುಂಚೆ

ವಿದ್ಯಾರ್ಥಿ ಸೇವೆಗೆ ಒಂದು ತೊಂದರೆ ಇದೆ, ಸಭೆಗೆ ಇಲ್ಲದ್ದು. ಮೂರು ನಾಲ್ಕು ವರ್ಷಕ್ಕೆ ನಮ್ಮವರೆಲ್ಲ ಪಾಸಾಗಿ ಹೊರಟುಬಿಡುತ್ತಾರೆ. ಸತ್ತ ಹುಡುಗಿಯನ್ನು ಕಂಡವರು ಕ್ಯಾಂಪಸ್ಸಿನಲ್ಲಿ ಒಬ್ಬರೂ ಉಳಿಯುವುದಿಲ್ಲ. ತಾಯಿಗೆ ಮಾತ್ರ ನಾಲ್ಕನೇ ವರ್ಷವೂ ಮೊದಲನೇ ವರ್ಷದ ಹಾಗೇ ಇರುತ್ತದೆ. ಅವಳ ಜೊತೆಯವರಿಗೆ ಘಟಿಕೋತ್ಸವ ಆಗುವ ದಿನ, ಮೊದಲ ಗೆಳತಿಯ ಮದುವೆ ಪತ್ರಿಕೆ ಬಂದ ದಿನ, ನವೆಂಬರ್ 2ರ ಸಕಲ ಆತ್ಮರ ದಿನ, ಕ್ರಿಸ್ಮಸ್ ರಾತ್ರಿ. ಇವೆಲ್ಲ ಆ ಮನೆಯಲ್ಲಿ ಕಷ್ಟದ ದಿನಗಳು.

ಅದಕ್ಕೆ ಒಂದು ನೋಟ್‌ಬುಕ್ ಇಡಿ. ವರ್ಷಕ್ಕೊಮ್ಮೆ ಹಳೇ ಲೀಡರ್‌ಗಳು ಹೊಸಬರಿಗೆ ಗಿಟಾರ್, ಹಾಡಿನ ಪುಸ್ತಕ, ಖಾತೆಯ ಲೆಕ್ಕ ಒಪ್ಪಿಸುತ್ತಾರಲ್ಲ, ಅದರ ಜೊತೆಗೆ ಇದನ್ನೂ ಒಪ್ಪಿಸಲಿ. ಅದರಲ್ಲಿ ಹೆಸರು, ತೀರಿಕೊಂಡ ದಿನ, ಹುಟ್ಟಿದ ದಿನ, ಮನೆಯವರು ಒಪ್ಪಿ ಕೊಟ್ಟ ಫೋನ್ ನಂಬರ್, ಅವರು ಮಾತಾಡುವ ಭಾಷೆ, ಸ್ಮರಣೆಯ ಕೂಟದಲ್ಲಿ ಗೆಳೆಯರು ಹೇಳಿದ ಒಂದೆರಡು ಮಾತು ಬರೆದಿರಲಿ. ಹೊಸ ಲೀಡರ್ ಒಮ್ಮೆ ಹಳಬರ ಜೊತೆ ಕೂತು ಆ ಮನೆಗೆ ಫೋನ್ ಮಾಡಿ ಪರಿಚಯ ಮಾಡಿಕೊಳ್ಳಲಿ: "ಅಮ್ಮಾ, ನಾನು ಅವರನ್ನು ನೋಡಿಲ್ಲ. ಆದರೆ ಅವರು ಕೂರುತ್ತಿದ್ದ ಫೆಲೋಶಿಪ್‌ನಿಂದಲೇ ಮಾತಾಡ್ತಿದ್ದೀನಿ." ಆಮೇಲೆ ವರ್ಷಕ್ಕೆ ಎರಡು ಸಲ ಫೋನ್ ಮಾಡಿದರೂ ಸಾಕು. ದಿನಾಂಕವನ್ನು ಮೊಬೈಲ್‌ನಲ್ಲಿ ರಿಮೈಂಡರ್ ಹಾಕಿಕೊಳ್ಳಿ, ಪರೀಕ್ಷೆ ಗಡಿಬಿಡಿಯಲ್ಲಿ ತಪ್ಪಿಹೋಗದ ಹಾಗೆ.